ವ್ಯಾಯಾಮದ ದಿನ ಒಂದು ಚಪಾತಿ ಜಾಸ್ತಿ ತಿನ್ನಬಹುದೇ?

ತೂಕ ಇಳಿಸುತ್ತಿರುವವರ ಪತ್ರಗಳಲ್ಲಿ ಈ ಸಲ ಒಂದೇ ಪ್ರಶ್ನೆ ಹಲವು ರೂಪದಲ್ಲಿ ಬಂದಿದೆ: ಬೆವರು ಸುರಿಸಿದ ದಿನ ಹೆಚ್ಚು ತಿನ್ನಬೇಕೇ, ಬೇಡವೇ? ವಾರಕ್ಕೆ ನಾಲ್ಕು ದಿನ ಮುಕ್ಕಾಲು ಗಂಟೆ ನಡೆಯುವವರಿಗೆ ಒಂದು ಉತ್ತರ, ಹದಿನಾರು ಕಿಲೋಮೀಟರ್ ಓಡುವವರಿಗೆ ಇನ್ನೊಂದು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿಗೆ ಮತ್ತೊಂದು. ಹಾಗಾಗಿ ಪತ್ರಗಳನ್ನು ಬೇರೆ ಬೇರೆಯಾಗಿಯೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಗಂಡಸು, ವಯಸ್ಸು 34, ತೂಕ 78 ಕೆ.ಜಿ., ಎತ್ತರ 168 ಸೆಂ.ಮೀ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ವಾರಕ್ಕೆ ಎರಡು ದಿನ 45 ನಿಮಿಷ ಬಿರುಸಾಗಿ ನಡೆಯುತ್ತೇನೆ, ಎರಡು ದಿನ ಜಿಮ್‌ನಲ್ಲಿ 45 ನಿಮಿಷ ವೇಟ್ಸ್. ಪ್ರತಿ ಸಲವೂ ಸ್ಮಾರ್ಟ್ ವಾಚ್ 400 ಕ್ಯಾಲೊರಿ ಕರಗಿತು ಎಂದು ತೋರಿಸುತ್ತದೆ. ಮೊಬೈಲಿನ ಆ್ಯಪ್ ಆ 400ನ್ನು ಅವತ್ತಿನ ಊಟದ ಲೆಕ್ಕಕ್ಕೆ ಸೇರಿಸಿ ಕೊಡುತ್ತದೆ. ನಾನೂ ತಿನ್ನುತ್ತೇನೆ. ಎರಡು ತಿಂಗಳಾದರೂ ಒಂದು ಕೆ.ಜಿ. ಇಳಿದಿಲ್ಲ. ಎಲ್ಲಿ ತಪ್ಪುತ್ತಿದೆ?
— ಓದುಗರು, ದಾವಣಗೆರೆ

ಉತ್ತರ: ತಪ್ಪು ನಿಮ್ಮ ವ್ಯಾಯಾಮದಲ್ಲಿಲ್ಲ, ಕೂಡಿಸುವುದರಲ್ಲಿದೆ. ಒಂದೇ ವ್ಯಾಯಾಮವನ್ನು ಆ್ಯಪ್ ಎರಡು ಸಲ ಎಣಿಸುತ್ತಿರುವ ಹಾಗೆ ಕಾಣುತ್ತದೆ. ಪೆನ್ನು, ಕಾಗದ ತೆಗೆದುಕೊಳ್ಳಿ.

ಮೊದಲು, ಏನೂ ಮಾಡದೆ ಮಲಗಿದ್ದರೂ ದೇಹಕ್ಕೆ ಬೇಕಾದಷ್ಟು. ಗಂಡಸರಿಗೆ ಲೆಕ್ಕ ಹೀಗೆ: ತೂಕವನ್ನು 10ರಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಅದರಲ್ಲಿ ವಯಸ್ಸಿನ ಐದು ಪಟ್ಟನ್ನು ಕಳೆದು 5 ಸೇರಿಸಿ. (ಹೆಂಗಸರು ಕೊನೆಯಲ್ಲಿ 5 ಸೇರಿಸುವ ಬದಲು 161 ಕಳೆಯಬೇಕು.) ನಿಮ್ಮದು 780 + 1050 − 170 + 5, ಅಂದರೆ 1665. ಕೂತು ಮಾಡುವ ಕೆಲಸ, ಮನೆಯ ಓಡಾಟ ಎಲ್ಲ ಸೇರಿ 1.3ರಿಂದ ಗುಣಿಸಿದರೆ ಸುಮಾರು 2160. ವ್ಯಾಯಾಮವಿಲ್ಲದ ದಿನದ ಖರ್ಚು ಇದು.

ಇನ್ನು ವ್ಯಾಯಾಮ. ಗಂಟೆಗೆ ಐದೂವರೆ ಕಿಲೋಮೀಟರ್ ವೇಗದ ನಡಿಗೆಗೆ ಸುಮ್ಮನೆ ಕೂತದ್ದಕ್ಕಿಂತ ಸುಮಾರು 4.3 ಪಟ್ಟು ಶಕ್ತಿ ಬೇಕು. ಆ 4.3ರಲ್ಲಿ ಒಂದು ಪಟ್ಟು ನೀವು ಸೋಫಾದ ಮೇಲಿದ್ದರೂ ಖರ್ಚಾಗುತ್ತಿದ್ದದ್ದು, ಅದು ಮೇಲಿನ 2160ರಲ್ಲಿ ಆಗಲೇ ಸೇರಿಹೋಗಿದೆ. ಉಳಿದ 3.3ನ್ನು 78 ಕೆ.ಜಿ.ಗೂ ಮುಕ್ಕಾಲು ಗಂಟೆಗೂ ಗುಣಿಸಿದರೆ 193. ವೇಟ್ಸ್ ದಿನ ಸೆಟ್ಟುಗಳ ನಡುವೆ ನಿಲ್ಲುವ ಹೊತ್ತೇ ಹೆಚ್ಚು, ಹಾಗಾಗಿ 150 ಹಿಡಿಯೋಣ. ನಾಲ್ಕು ದಿನದ್ದು ಸೇರಿ ವಾರಕ್ಕೆ 680 ಚಿಲ್ಲರೆ, ದಿನಕ್ಕೆ ಹಂಚಿದರೆ ನೂರರ ಹತ್ತಿರ. ಅಲ್ಲಿಗೆ ನಿಮ್ಮ ಸರಾಸರಿ ಖರ್ಚು 2260. ದಿನಕ್ಕೆ 500 ಕಡಿಮೆ ತಿನ್ನಬೇಕಿದ್ದರೆ ತಟ್ಟೆಗೆ ಬರಬೇಕಾದದ್ದು 1760.

ಆ್ಯಪ್ ಏನು ಮಾಡಿರುತ್ತದೆ? ಶುರುವಿನಲ್ಲಿ ‘ನೀವು ಎಷ್ಟು ಚಟುವಟಿಕೆಯಿಂದಿರುತ್ತೀರಿ’ ಎಂದು ಕೇಳುತ್ತದೆ. ವಾರಕ್ಕೆ ನಾಲ್ಕು ದಿನ ವ್ಯಾಯಾಮ ಮಾಡುವವರು ಸಹಜವಾಗಿ ‘ಮಧ್ಯಮ’ ಎಂದು ಒತ್ತುತ್ತಾರೆ. ಆಗ 1665ನ್ನು 1.3ರ ಬದಲು 1.55ರಿಂದ ಗುಣಿಸಿ 2580 ಮಾಡುತ್ತದೆ, ಅಂದರೆ ವ್ಯಾಯಾಮ ಅಲ್ಲೇ ಒಂದು ಸಲ ಸೇರಿತು. ಅದರಲ್ಲಿ 500 ಕಳೆದು 2080 ಕೊಡುತ್ತದೆ. ಮೇಲೆ ವಾಚ್ ಹೇಳಿದ 400 ವಾರಕ್ಕೆ ನಾಲ್ಕು ಸಲ ಸೇರಿ ಸರಾಸರಿ 2300 ದಾಟುತ್ತದೆ. ಖರ್ಚು 2260, ಊಟ 2300. ಹೆಸರಿಗೆ 500ರ ಕೊರತೆ, ನಿಜದಲ್ಲಿ ಏನೂ ಇಲ್ಲ. ತೂಕ ಅಲುಗದೆ ಇರುವುದಕ್ಕೆ ಇಷ್ಟು ಸಾಕು.

ಆದ್ದರಿಂದ ಇವತ್ತೇ ಆ್ಯಪಿನ ಸೆಟ್ಟಿಂಗ್‌ಗೆ ಹೋಗಿ ಚಟುವಟಿಕೆಯ ಮಟ್ಟವನ್ನು ಅತಿ ಕಡಿಮೆಗೆ ಇಳಿಸಿ, ವಾಚಿನ ಕ್ಯಾಲೊರಿ ತಾನಾಗಿ ಸೇರುವುದನ್ನು ನಿಲ್ಲಿಸಿ. ವಾಚಿನ ಅಂಕಿಯನ್ನು ನಂಬಿ ಊಟ ಬಡಿಸಿಕೊಳ್ಳುವುದು ಯಾವತ್ತೂ ಬೇಡ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಎದೆಬಡಿತವನ್ನು ಹೆಚ್ಚಿನವು ಸರಿಯಾಗಿ ಹಿಡಿದವು. ಕ್ಯಾಲೊರಿ ವಿಷಯದಲ್ಲಿ ಎಲ್ಲಕ್ಕಿಂತ ವಾಸಿ ಎನಿಸಿದ್ದೇ ಸರಾಸರಿ ಶೇ 27ರಷ್ಟು ತಪ್ಪಿತ್ತು, ತೀರಾ ಕೆಟ್ಟದ್ದು ಶೇ 93ರಷ್ಟು. ವಾಚನ್ನು ಎದೆಬಡಿತಕ್ಕೆ, ಹೆಜ್ಜೆ ಎಣಿಕೆಗೆ ಇಟ್ಟುಕೊಳ್ಳಿ.

ಇನ್ನೊಂದು ಸಂಗತಿ. ವ್ಯಾಯಾಮದಲ್ಲಿ ಕರಗಿದ್ದೆಲ್ಲ ದಿನದ ಖರ್ಚಿಗೆ ಪೂರ್ತಿ ಸೇರುವುದೂ ಇಲ್ಲ. ಬೆಳಿಗ್ಗೆ ದಣಿದವರು ಮಧ್ಯಾಹ್ನ ಲಿಫ್ಟ್ ಹತ್ತುತ್ತಾರೆ, ಸಂಜೆ ಅಂಗಡಿಗೆ ಗಾಡಿ ತೆಗೆಯುತ್ತಾರೆ, ದೇಹವೂ ಒಳಗೊಳಗೆ ಕೈ ಬಿಗಿ ಮಾಡುತ್ತದೆ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಹೀಗೆ ಮುರಿದುಕೊಳ್ಳುವ ಪಾಲು ಸರಾಸರಿ ಶೇ 28 ಎಂದು ಬಂತು. ನಿಮ್ಮ 193ರಲ್ಲಿ ಕೈಗೆ ಉಳಿಯುವುದು 140 ಇದ್ದೀತು. ವ್ಯಾಯಾಮದ ದಿನ ಮತ್ತು ಬಿಡುವಿನ ದಿನದ ಒಟ್ಟು ಹೆಜ್ಜೆಗಳನ್ನು ಒಮ್ಮೆ ಹೋಲಿಸಿ ನೋಡಿ. ವಾಕಿಂಗ್ ಹೆಜ್ಜೆ ಬಿಟ್ಟು ಉಳಿದವು ಕಡಿಮೆಯಾಗಿದ್ದರೆ ಸೋರಿಕೆ ಅಲ್ಲಿದೆ.

ಹಾಗಾದರೆ ಎಲ್ಲ ದಿನವೂ ಒಂದೇ ಊಟವೇ? ನಿಮ್ಮ ಮಟ್ಟದ ವ್ಯಾಯಾಮಕ್ಕೆ ಹೌದು, ಏಳು ದಿನವೂ 1760 ಎಲ್ಲಕ್ಕಿಂತ ಸುಲಭ. ಜಿಮ್ ದಿನದ ರಾತ್ರಿ ತಡೆಯಲಾಗದ ಹಸಿವಾಗುತ್ತಿದ್ದರೆ ಅದೇ ವಾರದ ಮೊತ್ತವನ್ನು ಬೇರೆ ರೀತಿ ಹಂಚಿ: ವ್ಯಾಯಾಮದ ನಾಲ್ಕು ದಿನ 1850, ಉಳಿದ ಮೂರು ದಿನ 1640. ವಾರದ ಒಟ್ಟು ಎರಡರಲ್ಲೂ 12,320. ಎರಡು ದಿನಗಳ ನಡುವಿನ ವ್ಯತ್ಯಾಸ 210 ಕ್ಯಾಲೊರಿ ಅಂದರೆ ಎರಡು ಫುಲ್ಕ ಮತ್ತು ಒಂದು ಸಣ್ಣ ಬಟ್ಟಲು ಹೆಸರುಕಾಳು ಪಲ್ಯ, ಅಷ್ಟೆ. ಇದಕ್ಕಿಂತ ದೊಡ್ಡ ಅಂತರ ಮಾಡಬೇಡಿ. ಬಿಡುವಿನ ದಿನ 1200ಕ್ಕೆ ಇಳಿಸಿ ಜಿಮ್ ದಿನ 2300 ತಿನ್ನುವವರು ಬಿಡುವಿನ ದಿನದ ರಾತ್ರಿ ಹತ್ತು ಗಂಟೆಗೆ ಡಬ್ಬಿ ತಡಕುತ್ತಾರೆ. ಕಸರತ್ತು ಜೋರಾಗಿದ್ದಾಗ ಮೊದಲ ಒಂದೆರಡು ಗಂಟೆ ಹಸಿವು ಸತ್ತಂತಿರುತ್ತದೆ, ಎಷ್ಟೋ ಜನರಿಗೆ ಅದು ಏಳುವುದು ಮರುದಿನ. ಆ ಮರುದಿನವೇ ಬಿಡುವಿನ ದಿನವಾಗಿ, ಊಟವೂ ತೀರಾ ಕಡಿಮೆಯಿದ್ದರೆ ಯಾರಿಗೂ ತಡೆಯಲಾಗದು.

ಊಟ ಹೆಚ್ಚಿಸುವುದಕ್ಕಿಂತ ಇದ್ದ ಊಟದ ಹೊತ್ತು ಬದಲಿಸುವುದರಿಂದ ಸಿಗುವ ಲಾಭ ದೊಡ್ಡದು. ಸಂಜೆ ಆರೂವರೆಗೆ ಜಿಮ್ ಇದ್ದರೆ ಐದು ಗಂಟೆಗೆ ಒಂದು ಏಲಕ್ಕಿ ಬಾಳೆಹಣ್ಣು, 200 ಮಿ.ಲೀ. ಟೋನ್ಡ್ ಹಾಲು ತೆಗೆದುಕೊಳ್ಳಿ, ಸುಮಾರು 180 ಕ್ಯಾಲೊರಿ. ಇದನ್ನು ರಾತ್ರಿಯ ಊಟದಿಂದ ಕಳೆಯಬೇಕು, ಮೇಲೆ ಸೇರಿಸುವುದಲ್ಲ. ಮುಗಿಸಿ ಬಂದ ಮೇಲೆ ಮಾಮೂಲಿ ಊಟ, ಅದರಲ್ಲಿ ಕಾಳು, ಮೊಸರು ಅಥವಾ ಮೊಟ್ಟೆ ಇರಲಿ. ದಾವಣಗೆರೆಯವರಿಗೆ ಹೇಳಲೇಬೇಕಾದ ಮಾತು: ಜಿಮ್‌ನಿಂದ ಬರುತ್ತಾ ದಾರಿಯಲ್ಲಿ ಸಿಗುವ ಮಿರ್ಚಿ ಮಂಡಕ್ಕಿ, ಬೆಣ್ಣೆ ದೋಸೆ ವಾರಕ್ಕೊಂದು ದಿನದ ಊಟವಾಗಿ ಇರಲಿ, ವ್ಯಾಯಾಮದ ಬಹುಮಾನವಾಗಿ ಬೇಡ.

ಅಡುಗೆ ಎಣ್ಣೆಯನ್ನೂ ನೋಡಿ. ಮೂರು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಬರುತ್ತಿದ್ದರೆ ಒಬ್ಬೊಬ್ಬರಿಗೆ ದಿನಕ್ಕೆ 33 ಮಿ.ಲೀ., ಅದು 270 ಕ್ಯಾಲೊರಿಗೂ ಮೇಲೆ. ಒಗ್ಗರಣೆಗೆ ಬಾಟಲಿಯಿಂದ ನೇರವಾಗಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿ, ಎರಡು ತಿಂಗಳಿಗೆ ಮೂರು ಲೀಟರ್ ಸಾಕಾಗುವಂತೆ ಮಾಡಿದರೆ ನಿಮ್ಮ ಅರ್ಧ ಗಂಟೆ ನಡಿಗೆಯಷ್ಟು ಪ್ರತಿದಿನ ಉಳಿಯುತ್ತದೆ.

ನಾಲ್ಕು ವಾರ ಹೀಗೆ ನಡೆಸಿ. ವಾರಕ್ಕೆ 300ರಿಂದ 500 ಗ್ರಾಂ ಇಳಿದರೆ ಏನನ್ನೂ ಮುಟ್ಟಬೇಡಿ. ಸತತ ಎರಡು ಮೂರು ವಾರ 800 ಗ್ರಾಂಗೂ ಹೆಚ್ಚು ಇಳಿಯುತ್ತಿದ್ದರೆ, ಜಿಮ್‌ನಲ್ಲಿ ಹಿಂದೆ ಎತ್ತುತ್ತಿದ್ದ ತೂಕ ಈಗ ಏಳದಿದ್ದರೆ, ವ್ಯಾಯಾಮದ ದಿನ 150ರಿಂದ 200 ಹೆಚ್ಚಿಸಿ. ಆಗ ಅದು ನಿಜವಾಗಿಯೂ ಬೇಕಾದ ಊಟ.

ಪ್ರಶ್ನೆ: ನನಗೆ 58. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್ ತಗೊಳ್ತೀನಿ. ತೂಕ ಇಳಿಸಬೇಕು ಅಂತ ಡಾಕ್ಟರ್ ಹೇಳ್ಯಾರ. ಬೆಳಿಗ್ಗೆ ಆರಕ್ಕ ಮಾತ್ರೆ ನುಂಗಿ, ಚಹಾ ಕುಡದು ಒಂದು ತಾಸು ವಾಕಿಂಗ್ ಹೋಗ್ತೀನಿ. ಬರೋದ್ರಾಗ ಕೈ ನಡಗ್ತಾವ, ಬೆವರ ಬರ್ತದ. ಆರೇಳು ಬಿಸ್ಕಿಟ್ ತಿಂದ ಮ್ಯಾಲೆ ಸರಿ ಆಗ್ತದ. ನಾಷ್ಟಾ ಎಂಟೂವರೆಗೆ. ತೂಕ ಇಳಿಯೋ ಬದಲಿ ಏರೇದ. ವಾಕಿಂಗ್ ದಿನ ಮೊದಲ ತಿಂದು ಹೋಗಬೇಕೇನು?
— ಓದುಗರು, ಧಾರವಾಡ

ಉತ್ತರ: ಅಕ್ಕಾರೆ, ಅದು ಹಸಿವೆಯ ನಡುಕ ಅಲ್ಲದಿರಬಹುದು, ರಕ್ತದ ಸಕ್ಕರೆ ಕುಸಿದದ್ದರ ಲಕ್ಷಣ ಇದ್ದ ಹಾಗಿದೆ. ಗ್ಲಿಮಿಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಹೊಟ್ಟೆಯಲ್ಲಿ ಊಟ ಇರಲಿ ಬಿಡಲಿ, ತನ್ನ ಕೆಲಸ ಮಾಡುತ್ತದೆ. ಅದಕ್ಕೇ ಅದನ್ನು ದಿನದ ಮೊದಲ ಊಟದ ಜೊತೆ ತೆಗೆದುಕೊಳ್ಳಲು ಹೇಳುವುದು. ನೀವು ಆರಕ್ಕೆ ನುಂಗಿ, ನಡೆದು, ಎಂಟೂವರೆಗೆ ತಿನ್ನುತ್ತೀರಿ. ನಡಿಗೆಯಿಂದ ಸ್ನಾಯುಗಳು ಸಕ್ಕರೆ ಎಳೆದುಕೊಳ್ಳುತ್ತವೆ, ಮಾತ್ರೆಯೂ ಇಳಿಸುತ್ತದೆ, ಮೇಲಿನಿಂದ ಏನೂ ಬರುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ.

ಈ ವಾರವೇ ಮೂರು ಕೆಲಸ ಮಾಡಿ. ಗ್ಲುಕೋಮೀಟರ್ ತೆಗೆದುಕೊಂಡು ನಡಿಗೆಗೆ ಮೊದಲು, ನಡಿಗೆ ಮುಗಿದ ಮೇಲೆ, ನಡುಕ ಬಂದಾಗ ಪರೀಕ್ಷಿಸಿ ಬರೆದಿಡಿ. ಆ ಚೀಟಿ ಹಿಡಿದು ನಿಮ್ಮ ವೈದ್ಯರ ಬಳಿ ಹೋಗಿ, ಮಾತ್ರೆಯ ಹೊತ್ತು ಮತ್ತು ಪ್ರಮಾಣ ಬದಲಿಸಬೇಕೇ ಎಂದು ನೇರವಾಗಿ ಕೇಳಿ. ತೂಕ ಇಳಿಸುವವರಿಗೆ ಮಾತ್ರೆ ಕಡಿಮೆ ಮಾಡುವುದು ವೈದ್ಯರಿಗೆ ಹೊಸ ಮಾತಲ್ಲ. ನೀವಾಗಿಯೇ ನಿಲ್ಲಿಸಬೇಡಿ. ಅಲ್ಲಿಯವರೆಗೆ ಬೆಳಗಿನ ಒಂದು ತಾಸಿನ ಬದಲು ನಾಷ್ಟಾ, ಮಧ್ಯಾಹ್ನದ ಊಟ, ರಾತ್ರಿಯ ಊಟ ಆದ ಮೇಲೆ ಇಪ್ಪತ್ತಿಪ್ಪತ್ತು ನಿಮಿಷ ನಡೆಯಿರಿ. ಒಟ್ಟು ಅಷ್ಟೇ ಆಗುತ್ತದೆ, ಊಟದ ನಂತರ ಏರುವ ಸಕ್ಕರೆಯೂ ತಗ್ಗುತ್ತದೆ, ಮೊದಲೇ ಹೆಚ್ಚು ತಿನ್ನುವ ಪ್ರಶ್ನೆ ಏಳುವುದೇ ಇಲ್ಲ.

ಬೆಳಿಗ್ಗೆಯೇ ಹೋಗಬೇಕಾದ ದಿನ ಹೊರಡುವ ಮೊದಲು ಸಕ್ಕರೆ 90ಕ್ಕಿಂತ ಕೆಳಗಿದ್ದರೆ 15 ಗ್ರಾಂ ಪಿಷ್ಟ ಸಿಗುವಷ್ಟು ತಿನ್ನಿ, ಒಂದು ಏಲಕ್ಕಿ ಬಾಳೆ ಅಥವಾ ಅರ್ಧ ಜೋಳದ ರೊಟ್ಟಿ. ನಡುಕ ಬಂದು ಮೀಟರಿನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಿರಿ. ಹದಿನೈದು ನಿಮಿಷ ಕಾದು ಮತ್ತೆ ನೋಡಿ, ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ ಅಷ್ಟೇ. ಮೀಟರ್ ಕೈಯಲ್ಲಿಲ್ಲದಿದ್ದರೆ ಕಾಯಬೇಡಿ, ಮೊದಲು ಸಕ್ಕರೆ ನೀರು. ಬಿಸ್ಕಿಟ್, ಚಾಕಲೇಟ್ ಇದಕ್ಕೆ ತಕ್ಕವಲ್ಲ, ಅವುಗಳ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಅಷ್ಟರಲ್ಲಿ ಗಾಬರಿಯಿಂದ ಏಳು ಬಿಸ್ಕಿಟ್ ಒಳಗೆ ಹೋಗಿರುತ್ತವೆ. ನಿಮ್ಮ ತೂಕ ಏರಲು ಅದೂ ಒಂದು ಕಾರಣ ಇರಬಹುದು. ಮನೆಯವರಿಗೂ ತಿಳಿಸಿಡಿ: ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಪ್ರಶ್ನೆ: ತೂಕ 66 ಕೆ.ಜಿ., ಗಂಡಸು, 29. ಹಾಫ್ ಮ್ಯಾರಥಾನ್‌ಗೆ ತಯಾರಿ. ವಾರದಲ್ಲಿ ಮೂರು ದಿನ 6 ಕಿ.ಮೀ., ಭಾನುವಾರ 16 ಕಿ.ಮೀ. ಇನ್ನೂ ನಾಲ್ಕು ಕೆ.ಜಿ. ಇಳಿಸುವ ಆಸೆ, ಹಾಗಾಗಿ ದಿನಾ 1500 ಕ್ಯಾಲೊರಿ. 12 ಕಿ.ಮೀ. ಆದಮೇಲೆ ಕಾಲು ಸೀಸ ತುಂಬಿದಂತಾಗುತ್ತದೆ, ತಲೆ ಸುತ್ತುತ್ತದೆ.
— ಓದುಗರು, ಬೆಂಗಳೂರು

ಉತ್ತರ: ನೀವು ತಿನ್ನಲೇಬೇಕು. ಓಟದಲ್ಲಿ ಒಂದು ಕಿಲೋಮೀಟರಿಗೆ, ಒಂದು ಕೆ.ಜಿ. ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಎಂಬುದು ಒಳ್ಳೆಯ ಅಂದಾಜು. 16 ಕಿ.ಮೀ.ಗೆ 1050. ಸುಮ್ಮನಿದ್ದರೂ ಆಗುತ್ತಿದ್ದ ಖರ್ಚು ಕಳೆದರೂ 900 ದಾಟುತ್ತದೆ. 1500 ತಿಂದು 900 ಓಡಿದರೆ ಉಳಿದ ಇಡೀ ದಿನಕ್ಕೆ 600. ಸ್ನಾಯು ಮತ್ತು ಯಕೃತ್ತಿನಲ್ಲಿ ದೇಹ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಎಲ್ಲ ಸೇರಿ ಅರ್ಧ ಕೆ.ಜಿ. ಆಸುಪಾಸು, ಅದೂ ಹೊಟ್ಟೆ ತುಂಬ ಉಂಡವರಲ್ಲಿ. ವಾರವಿಡೀ ಅರೆಹೊಟ್ಟೆಯಲ್ಲಿ ಓಡಿದವರಲ್ಲಿ ಅದು ಭಾನುವಾರದ ಹೊತ್ತಿಗೆ ಮೊದಲೇ ತಗ್ಗಿರುತ್ತದೆ. ಹನ್ನೆರಡನೇ ಕಿಲೋಮೀಟರಿನಲ್ಲಿ ಕಾಲು ಭಾರವಾಗುವುದು ಅದಕ್ಕೇ.

ಹೀಗೆ ಬದಲಿಸಿ. ಶನಿವಾರ ರಾತ್ರಿ ಮತ್ತು ಭಾನುವಾರ ಕೊರತೆಯ ಊಟ ಬೇಡವೇ ಬೇಡ, ಖರ್ಚಿನಷ್ಟು ಉಣ್ಣಿ. ಶನಿವಾರ ರಾತ್ರಿ ಅನ್ನ ಅಥವಾ ಚಪಾತಿ ಎಂದಿಗಿಂತ ಒಂದೂವರೆ ಪಟ್ಟು, ಎಣ್ಣೆ ಪದಾರ್ಥ ಮತ್ತು ಕಾಳು ಕಡಿಮೆ, ಬೆಳಿಗ್ಗೆ ಹೊಟ್ಟೆ ಕೆಡಬಾರದಲ್ಲ. ಓಡುವ ಮುಕ್ಕಾಲು ಗಂಟೆ ಮೊದಲು ಎರಡು ಏಲಕ್ಕಿ ಬಾಳೆ. ಓಟ ಒಂದೂವರೆ ಗಂಟೆ ಮೀರುತ್ತದೆ ಎಂದಾದರೆ ಗಂಟೆಗೆ 30 ಗ್ರಾಂ ಪಿಷ್ಟ ಒಳಗೆ ಹೋಗಬೇಕು: ಒಂದು ಸಣ್ಣ ಬಾಳೆ ಮತ್ತು ಮೂರು ಖರ್ಜೂರ, ಮೊದಲನೆಯದು ನಲವತ್ತನೇ ನಿಮಿಷಕ್ಕೇ. ಸುಸ್ತಾದ ಮೇಲೆ ತಿಂದರೆ ತಡವಾಯಿತು. ಓಆರ್‌ಎಸ್ ಕುಡಿದರೆ ಶಕ್ತಿ ಬಂತೆಂದು ತುಂಬ ಜನ ತಿಳಿದಿದ್ದಾರೆ. ಒಂದು ಲೀಟರಿನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್ ಮಾತ್ರ. ಅದು ಉಪ್ಪು, ನೀರಿನ ನಷ್ಟಕ್ಕೆ. ಮುಗಿದ ಒಂದು ಗಂಟೆಯೊಳಗೆ ಸರಿಯಾದ ತಿಂಡಿ, ಅದರಲ್ಲಿ 20–25 ಗ್ರಾಂ ಪ್ರೋಟೀನ್.

6 ಕಿ.ಮೀ. ಓಡುವ ದಿನ ಸುಮಾರು 350 ಖರ್ಚು, ಅದರ ಅರ್ಧದಷ್ಟು ಸೇರಿಸಿ. ಓಟವಿಲ್ಲದ ದಿನಗಳಲ್ಲಿ 300 ಕ್ಯಾಲೊರಿಯ ಕೊರತೆ ಸಾಕು. ಸ್ಪರ್ಧೆಗೆ ಮೂರು ವಾರ ಇರುವಾಗ ತೂಕ ಇಳಿಸುವುದನ್ನು ಪೂರ್ತಿ ನಿಲ್ಲಿಸಿ. ನಾಲ್ಕು ಕೆ.ಜಿ.ಯನ್ನು ಸ್ಪರ್ಧೆ ಮುಗಿದ ಮೇಲೆ ಇಳಿಸಬಹುದು.

ಪ್ರಶ್ನೆ: 21 ವರ್ಷ, 160 ಸೆಂ.ಮೀ., 52 ಕೆ.ಜಿ. ವಾರಕ್ಕೆ ನಾಲ್ಕು ದಿನ ಜುಂಬಾ, ಎರಡು ದಿನ ಓಟ. ದಿನಕ್ಕೆ 1100 ಕ್ಯಾಲೊರಿ ಮೀರುವುದಿಲ್ಲ. 48ಕ್ಕೆ ಬರಬೇಕು. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಕೂದಲು ಉದುರುತ್ತಿದೆ, ಸದಾ ಚಳಿ. ಜುಂಬಾ ದಿನ 200 ಕ್ಯಾಲೊರಿ ಹೆಚ್ಚು ತಿಂದರೆ ಸರಿಹೋಗುತ್ತದೆಯೇ? ತೂಕ ಏರಬಾರದು.
— ಹೆಸರು ಬೇಡ, ಮಂಗಳೂರು

ಉತ್ತರ: 200 ಸಾಲದು. ಪ್ರಶ್ನೆ ಜುಂಬಾ ದಿನದ್ದೂ ಅಲ್ಲ, ಏಳೂ ದಿನದ್ದು. ನಿಮ್ಮ ಎತ್ತರಕ್ಕೆ 52 ಕೆ.ಜಿ. ಆರೋಗ್ಯಕರ ತೂಕ. ಇಳಿಸಲು ಏನೂ ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕಾದದ್ದು ನಮ್ಮ ಕರ್ತವ್ಯ.

ದೇಹದ ಲೆಕ್ಕ ಹೀಗಿದೆ. 52 ಕೆ.ಜಿ.ಯಲ್ಲಿ ಕೊಬ್ಬು ಬಿಟ್ಟು ಉಳಿದದ್ದು ಸುಮಾರು 39 ಕೆ.ಜಿ. ಎಂದುಕೊಳ್ಳೋಣ. ವ್ಯಾಯಾಮಕ್ಕೆ ದಿನಕ್ಕೆ 350 ಹೋದರೆ 1100ರಲ್ಲಿ ಉಳಿಯುವುದು 750. ಅದನ್ನು 39ಕ್ಕೆ ಹಂಚಿದರೆ ಒಂದು ಕೆ.ಜಿ.ಗೆ 19 ಕ್ಯಾಲೊರಿ. ಇದು 30ಕ್ಕಿಂತ ಕೆಳಗೆ ಇಳಿದು ಹಾಗೇ ಉಳಿದರೆ ದೇಹ ಖರ್ಚು ಮುರಿಯಲು ಶುರುಮಾಡುತ್ತದೆ. ಮೊದಲು ನಿಲ್ಲಿಸುವುದು ಮುಟ್ಟನ್ನು, ಏಕೆಂದರೆ ಬದುಕಿರಲು ಅದು ಬೇಕಿಲ್ಲ. ಚಳಿ, ಕೂದಲು ಉದುರುವುದು ಅದರ ಜೊತೆಯವು. ಕಣ್ಣಿಗೆ ಕಾಣದ ನಷ್ಟ ಮೂಳೆಯದ್ದು: ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಕುಸಿದಷ್ಟು ಕಾಲ ಮೂಳೆ ಸವೆಯುತ್ತದೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸು ನಿಮ್ಮದು. ಓಡುವ ಹುಡುಗಿಯರಲ್ಲಿ ಮೊಣಕಾಲಿನ ಕೆಳಗಿನ ಮೂಳೆ, ಪಾದದ ಮೂಳೆ ಕೂದಲೆಳೆಯಂತೆ ಬಿರುಕು ಬಿಡುವುದು ಹೀಗೇ.

30ರ ಗೆರೆ ಮುಟ್ಟಲೇ ನಿಮಗೆ 1520 ಬೇಕು. ಮುಟ್ಟು ಮರಳಬೇಕಾದರೆ ಗುರಿ ಇರಬೇಕಾದದ್ದು ಕೆ.ಜಿ.ಗೆ 45ರ ಹತ್ತಿರ, ಅಂದರೆ ಈಗಿನ ವ್ಯಾಯಾಮದ ಜೊತೆ 2100. ವ್ಯಾಯಾಮ ಅರ್ಧಕ್ಕೆ ಇಳಿಸಿದರೆ 1900 ಚಿಲ್ಲರೆ. ಓಟ ಸದ್ಯಕ್ಕೆ ಬಿಡಿ, ಜುಂಬಾ ಎರಡು ದಿನ ಇರಲಿ. ಊಟವನ್ನು ಇವತ್ತಿನಿಂದ 300 ಏರಿಸಿ, ಮುಂದೆ ವಾರವಾರ ಸುಮಾರು 200. ಒಂದೇ ಸಲ ತಟ್ಟೆ ತುಂಬಿದರೆ ಹೊಟ್ಟೆ ಉಬ್ಬರಿಸಿ ಬಿಟ್ಟುಬಿಡುವ ಮನಸ್ಸಾಗುತ್ತದೆ. ಹಾಗಾಗಿ ಗಾತ್ರ ಚಿಕ್ಕದು, ಶಕ್ತಿ ಹೆಚ್ಚು ಇರುವುದನ್ನು ಆರಿಸಿ: 30 ಗ್ರಾಂ ಕಡಲೆಬೀಜ 170, ಎರಡು ಮೊಟ್ಟೆ 150, ಒಂದು ಲೋಟ ಗಟ್ಟಿ ಹಾಲು 170. ಬಂಗುಡೆ ತಿನ್ನುವ ಮನೆಯಾದರೆ 100 ಗ್ರಾಂಗೆ 200ರ ಹತ್ತಿರ, ಪ್ರೋಟೀನ್ ಸಮೇತ. ಕುಚಲಕ್ಕಿ ಗಂಜಿಯ ತಿಳಿ ಮಾತ್ರ ಕುಡಿಯುವ ಬದಲು ಅಗುಳು ಸಮೇತ ಉಣ್ಣಿ, ಪಲ್ಯಕ್ಕೆ ತೆಂಗಿನಕಾಯಿ ಹಾಕಿ. ಮೊದಲ ವಾರಗಳಲ್ಲಿ ತೂಕ ಒಂದೆರಡು ಕೆ.ಜಿ. ಏರಬಹುದು, ಬಹುಪಾಲು ನೀರು ಮತ್ತು ಗ್ಲೈಕೋಜನ್. ದೇಹ ಮರಳಿ ನೀರು ಹಿಡಿಯುತ್ತಿರುವುದು ಒಳ್ಳೆಯದೇ.

ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿ. ಮೂರು ತಿಂಗಳು ಮುಟ್ಟು ತಪ್ಪಿದರೆ ಪರೀಕ್ಷೆ ಕಡ್ಡಾಯ ಎಂದೇ ತಿಳಿಯಿರಿ: ಗರ್ಭ ಪರೀಕ್ಷೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಪಿಸಿಓಡಿ ಇದೆಯೇ ಎಂಬುದು. ಎಷ್ಟು ತಿನ್ನುತ್ತೀರಿ, ಎಷ್ಟು ವ್ಯಾಯಾಮ ಮಾಡುತ್ತೀರಿ ಎಂಬುದನ್ನು ಮುಚ್ಚಿಡಬೇಡಿ. ಹಾರ್ಮೋನ್ ಮಾತ್ರೆಯಿಂದ ರಕ್ತಸ್ರಾವ ಬಂದರೆ ಗುಣವಾಯಿತು ಎಂದು ಅರ್ಥವಲ್ಲ, ಊಟ ಹೆಚ್ಚದೆ ಮೂಳೆ ಉಳಿಯುವುದಿಲ್ಲ. ತಿನ್ನಲು ಭಯವಾಗುತ್ತಿದ್ದರೆ, ಒಂದು ತುತ್ತು ಹೆಚ್ಚಾದರೂ ಅಪರಾಧ ಮಾಡಿದಂತೆ ಅನಿಸುತ್ತಿದ್ದರೆ, ಅದಕ್ಕೂ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಪ್ರಶ್ನೆ: ಭಾನುವಾರ ಗೆಳೆಯರೆಲ್ಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತೇವೆ. ಆಮೇಲೆ ಮಸಾಲೆ ದೋಸೆ, ಉದ್ದಿನ ವಡೆ, ಕಾಫಿ. ಅಷ್ಟು ಹತ್ತಿದ್ದಕ್ಕೆ ಇಷ್ಟು ತಿನ್ನಬಹುದಲ್ಲವೇ?
— ಓದುಗರು, ಮೈಸೂರು

ಉತ್ತರ: 70 ಕೆ.ಜಿ. ತೂಕದವರು 100 ಮೀಟರ್ ಎತ್ತರ ಏರಲು ಸುಮಾರು 75 ಕ್ಯಾಲೊರಿ ಖರ್ಚು ಮಾಡುತ್ತಾರೆ. ಒಟ್ಟು ಏರಿಕೆ 300 ಮೀಟರ್ ಎಂದೇ ಇಟ್ಟುಕೊಂಡರೂ 225, ಇಳಿಯುವುದಕ್ಕೆ ಇನ್ನೊಂದಿಷ್ಟು. ನಿಮ್ಮ ತಿಂಡಿ 550ರಿಂದ 650. ಅದನ್ನೇ ಅವತ್ತಿನ ಬೆಳಗಿನ ತಿಂಡಿಯಾಗಿ ತಿಂದು, ಮನೆಗೆ ಬಂದು ಮತ್ತೆ ತಿಂಡಿಗೆ ಕೂರದಿದ್ದರೆ ಚಿಂತೆಯಿಲ್ಲ. ತೊಂದರೆ ಆಗುವುದು ಎರಡನೇ ತಿಂಡಿಯಿಂದ. ವಡೆ ಬಿಟ್ಟರೆ ಇನ್ನೂ ಒಳ್ಳೆಯದು. ಬೆಟ್ಟ ಹತ್ತುವುದನ್ನು ಮಾತ್ರ ಬಿಡಬೇಡಿ, ತೊಡೆಗೂ ಎದೆಗೂ ಅಂಥ ವ್ಯಾಯಾಮ ಇನ್ನೊಂದಿಲ್ಲ.

ಪ್ರಶ್ನೆ: ತೂಕ 65 ಕೆ.ಜಿ., ಸಸ್ಯಾಹಾರಿ. ಜಿಮ್ ದಿನ ಮಾತ್ರ ಪ್ರೋಟೀನ್ ಹೆಚ್ಚಿಸಿದರೆ ಸಾಕೇ? ಪೌಡರ್ ಬೇಕೇ ಬೇಕೇ?
— ಓದುಗರು, ತುಮಕೂರು

ಉತ್ತರ: ಸಾಲದು. ವೇಟ್ಸ್ ಎತ್ತಿದ ಮೇಲೆ ಸ್ನಾಯು ರಿಪೇರಿ ಒಂದೆರಡು ದಿನ ನಡೆಯುತ್ತಲೇ ಇರುತ್ತದೆ, ಹೀಗಾಗಿ ಬಿಡುವಿನ ದಿನವೂ ಅಷ್ಟೇ ಪ್ರೋಟೀನ್ ಬೇಕು. ಹೆಚ್ಚು ಕಡಿಮೆ ಮಾಡುವುದಿದ್ದರೆ ಅನ್ನ, ಮುದ್ದೆ, ಚಪಾತಿಯಲ್ಲಿ ಮಾಡಿ. ಸಾಮಾನ್ಯ ಜನರಿಗೆ ಕೆ.ಜಿ.ಗೆ 0.83 ಗ್ರಾಂ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ಅಳತೆ. ತೂಕ ಇಳಿಸುತ್ತಾ ವೇಟ್ಸ್ ಎತ್ತುವವರಿಗೆ 1.2ರಿಂದ 1.6. ನಿಮಗೆ ಕಡಿಮೆಯೆಂದರೂ 78.

ಪೌಡರ್ ಇಲ್ಲದೆಯೂ ಮುಟ್ಟಬಹುದು. ಹಾಲು 300 ಮಿ.ಲೀ.ನಿಂದ 10 ಗ್ರಾಂ, ಮೊಸರು 200 ಗ್ರಾಂನಿಂದ 6, ಒಣ ಸೋಯಾ ಚಂಕ್ಸ್ 40 ಗ್ರಾಂನಿಂದ 20, ತೊಗರಿಬೇಳೆ 30 ಗ್ರಾಂನಿಂದ 6–7, ಹೆಸರುಕಾಳು 50 ಗ್ರಾಂನಿಂದ 12, ಪನೀರ್ 50 ಗ್ರಾಂನಿಂದ 9, ರಾಗಿ, ಗೋಧಿ, ಅಕ್ಕಿ ಎಲ್ಲ ಸೇರಿ 170 ಗ್ರಾಂನಿಂದ 14. ತರಕಾರಿ, ಮೂರು ಟೀ ಚಮಚ ಎಣ್ಣೆ, ಒಂದು ಹಣ್ಣು ಸೇರಿ 1750 ಕ್ಯಾಲೊರಿ ಒಳಗೇ ಮುಗಿಯುತ್ತದೆ. ತೂಕವೆಲ್ಲ ಬೇಯಿಸುವ ಮೊದಲಿನದು. ಬೆಂದ ಬೇಳೆಯನ್ನು ತೂಗಿ ಹಸಿ ಬೇಳೆಯ ಲೆಕ್ಕ ಹಾಕುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಸಾರಿನ ಮೇಲಿನ ತಿಳಿ ಬಡಿಸಿಕೊಂಡರೆ ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತದೆ, ಸೌಟನ್ನು ತಳಕ್ಕೆ ಇಳಿಸಿ. ಸೋಯಾ ಹೊಟ್ಟೆಗೆ ಒಗ್ಗದಿದ್ದರೆ ಮಾತ್ರ ಒಂದು ಅಳತೆ ಚಮಚ (ಸ್ಕೂಪ್) ವೇ ಪೌಡರ್, ಅಂದರೆ ಹಾಲಿನ ಪ್ರೋಟೀನ್ ಪುಡಿ, ನೋಡಬಹುದು. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಈ ಲೆಕ್ಕಕ್ಕೆ ಕೈ ಹಾಕಬಾರದು.

ಪ್ರಶ್ನೆ: ಸೋಮವಾರ ಒಪ್ಪತ್ತು ಮಾಡುತ್ತೇನೆ. ಅವತ್ತು ಜಿಮ್ ಬಿಡಬೇಕೇ?
— ಓದುಗರು, ಶಿವಮೊಗ್ಗ

ಉತ್ತರ: ಬಿಡಬೇಕಿಲ್ಲ, ಆದರೆ ಭಾರ ಎತ್ತುವುದನ್ನು ಮಂಗಳವಾರಕ್ಕೆ ಹಾಕಿ, ಸೋಮವಾರ ನಡಿಗೆ ಇಟ್ಟುಕೊಳ್ಳಿ. ಒಂದು ಹೊತ್ತಿನ ಊಟ ವ್ಯಾಯಾಮವಾದ ನಂತರ ಬರುವಂತೆ ನೋಡಿಕೊಳ್ಳಿ. ಫಲಾಹಾರವೆಂದು ಸಬ್ಬಕ್ಕಿ ವಡೆ, ಖಿಚಡಿ ತಿನ್ನುವುದಾದರೆ ತಿಳಿದಿರಲಿ: 100 ಗ್ರಾಂ ಸಬ್ಬಕ್ಕಿಗೆ 350 ಕ್ಯಾಲೊರಿ, ಪ್ರೋಟೀನ್ ಇಲ್ಲವೆಂದೇ ಹೇಳಬೇಕು. ಹಾಲು, ಮೊಸರು, ಕಡಲೆಬೀಜ, ಹಣ್ಣು ಮೇಲು.

ಪ್ರಶ್ನೆ: ಜಿಮ್ ಸೇರಿ ಎರಡು ವಾರ. ಊಟ ಕಡಿಮೆ ಮಾಡಿದ್ದೇನೆ, ಆದರೂ ತೂಕ ಒಂದೂವರೆ ಕೆ.ಜಿ. ಏರಿದೆ. ಊಟ ಇನ್ನೂ ಇಳಿಸಲೇ?
— ಓದುಗರು, ಹಾಸನ

ಉತ್ತರ: ಇಳಿಸಬೇಡಿ. ಹೊಸದಾಗಿ ಭಾರ ಎತ್ತಿದ ಸ್ನಾಯು ನೋಯುವಾಗ ನೀರು ಹಿಡಿಯುತ್ತದೆ. ಅಲ್ಲಿ ಸೇರುವ ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಜೊತೆಗೆ ಇಟ್ಟುಕೊಳ್ಳುತ್ತದೆ. ಒಂದೂವರೆ ಕೆ.ಜಿ. ಕೊಬ್ಬು ಬರಬೇಕಾದರೆ ಖರ್ಚಿಗಿಂತ 11,500 ಕ್ಯಾಲೊರಿ ಹೆಚ್ಚು ತಿಂದಿರಬೇಕಿತ್ತು, ಊಟ ಕಡಿಮೆ ಮಾಡಿದ ಎರಡು ವಾರದಲ್ಲಿ ಅದು ಆಗದ ಮಾತು. ಬೆಳಿಗ್ಗೆ ಶೌಚಕ್ಕೆ ಹೋಗಿಬಂದು, ಏನೂ ಕುಡಿಯುವ ಮೊದಲು ತೂಕ ನೋಡಿ ಬರೆಯಿರಿ. ಒಂದು ದಿನದ ಅಂಕಿ ಬಿಟ್ಟು ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಹೆಂಗಸರಾದರೆ ಕಳೆದ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು, ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ಹೆಚ್ಚು ನಿಲ್ಲುತ್ತದೆ. ವಾರಕ್ಕೊಮ್ಮೆ ಹೊಕ್ಕುಳಿನ ಮಟ್ಟದಲ್ಲಿ ಟೇಪು ಸುತ್ತಿ, ಉಸಿರು ಬಿಟ್ಟಾಗ ಅಳೆಯಿರಿ. ಆರನೇ ವಾರಕ್ಕೂ ಸರಾಸರಿ ತೂಕ, ಸೊಂಟ ಎರಡೂ ಇಳಿಯದಿದ್ದರೆ ಏನು ತಿನ್ನುತ್ತೀರಿ ಎಂಬುದನ್ನು ಅಳತೆ ಸಮೇತ ನಾಲ್ಕು ದಿನ ಬರೆದು ನಮಗೆ ಕಳಿಸಿ, ಅದರಲ್ಲಿ ಒಂದು ಭಾನುವಾರ ಇರಲಿ.